ಐದು ದಿನದ ಓಟ, ಮುನ್ನೂರ ಅರವತ್ತು ದಿನದ ದಾರಿ

2026ರ ಜನವರಿಯಲ್ಲಿ ನೆರೆಯ ಮಹಾರಾಷ್ಟ್ರದ ಪುಣೆ ಜಿಲ್ಲೆಯಲ್ಲಿ ಐದು ದಿನಗಳ ಸೈಕಲ್ ಓಟವೊಂದು ನಡೆಯಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮಾನ್ಯತೆ ಪಡೆದ ಈ ಓಟದಲ್ಲಿ ಹಲವು ದೇಶಗಳ ವೃತ್ತಿಪರ ಸವಾರರು ಮುಳಶಿ, ಮಾವಳ, ಪುರಂದರ, ಬಾರಾಮತಿ ಸೀಮೆಗಳ ರಸ್ತೆಗಳಲ್ಲಿ ಒಟ್ಟು 437 ಕಿಲೋಮೀಟರ್ ದೂರವನ್ನು ಕ್ರಮಿಸಿದರು. ಅವರು ಬರುವ ಮುನ್ನ ರಸ್ತೆಗಳ ಗುಂಡಿಗಳು ಮುಚ್ಚಿದವು, ಹೊಸ ಡಾಂಬರು ಬಿತ್ತು. ಯುರೋಪಿನಲ್ಲಿ ಶತಮಾನದಿಂದ ನಡೆದುಬಂದಿರುವ ಹಂತಗಳ ಓಟದ ಮಾದರಿ ಹೀಗೆ ಕೃಷ್ಣಾ ಕೊಳ್ಳದ ಮೇಲ್ಭಾಗದವರೆಗೆ ಬಂದು ಮುಟ್ಟಿದೆ.

ಪುಣೆಗೆ ಬಂದದ್ದು ಬಾಗಲಕೋಟೆಗೆ ಏಕೆ ಬರಬಾರದು ಎಂಬ ಪ್ರಶ್ನೆ ಎದ್ದರೆ ಅದು ಸಹಜವೇ. ದೇಶದ ರಸ್ತೆ ಸೈಕ್ಲಿಂಗ್‌ಗೆ ಸವಾರರನ್ನು ಕೊಡುತ್ತಾ ಬಂದಿರುವ ಸೀಮೆಗಳಲ್ಲಿ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಮುಂಚೂಣಿಯಲ್ಲಿವೆ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಂಥ ತಾಣಗಳು ಒಂದೇ ದಾರಿಯಲ್ಲಿ ಸಿಗುವ ಇನ್ನೊಂದು ಜಿಲ್ಲೆ ಅಪರೂಪ. ಆದ್ದರಿಂದ ಓಟ ಬೇಕೇ ಬೇಡವೇ ಎಂಬುದು ಇಲ್ಲಿಯ ಚರ್ಚೆಯಲ್ಲ. ಐದು ದಿನದ ಓಟಕ್ಕಾಗಿ ದಾರಿಯನ್ನು ಸಿದ್ಧಪಡಿಸುವಾಗ ಉಳಿದ ಮುನ್ನೂರ ಅರವತ್ತು ದಿನ ಅದೇ ದಾರಿಯಲ್ಲಿ ಸೈಕಲ್ ತುಳಿಯುವವರನ್ನು, ಆ ದಾರಿಯ ಅಂಚಿನ ಹೊಲವನ್ನು, ಗುಡ್ಡವನ್ನು, ಹಳ್ಳವನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂಬುದೇ ಮುಖ್ಯ ಪ್ರಶ್ನೆ.

ಹಂತಗಳ ಓಟವೆಂದರೇನು?

ಗುಡ್ಡಗಾಡಿನ ಅನೇಕರಿಗೆ ಈ ಓಟದ ಸ್ವರೂಪ ಪರಿಚಯವಿರಲಿಕ್ಕಿಲ್ಲ. ಜಾತ್ರೆಯ ಸೈಕಲ್ ಶರ್ಯತ್ತು ಒಂದೇ ದಿನದಲ್ಲಿ ಮುಗಿಯುತ್ತದೆ. ಮೊದಲು ಗೆರೆ ದಾಟಿದವನೇ ಗೆದ್ದವನು. ಹಂತಗಳ ಓಟ ಹಾಗಲ್ಲ. ದಿನಕ್ಕೊಂದು ಹಂತದಂತೆ ಒಂದು ಊರಿನಿಂದ ಇನ್ನೊಂದು ಊರಿಗೆ ಓಟ ಸಾಗುತ್ತದೆ. ಪ್ರತಿದಿನ ತೆಗೆದುಕೊಂಡ ವೇಳೆಯನ್ನು ಕೂಡಿಸುತ್ತಾ ಹೋಗಿ, ಕಡೆಗೆ ಒಟ್ಟು ವೇಳೆ ಯಾರದು ಕಡಿಮೆಯೋ ಅವರೇ ವಿಜೇತರು. ಒಂದು ಹಂತವನ್ನೂ ಗೆಲ್ಲದೆ ಇಡೀ ಓಟವನ್ನು ಗೆಲ್ಲುವುದೂ ಸಾಧ್ಯ.

ಟೂರ್ ದ ಫ್ರಾನ್ಸ್ ಆರಂಭವಾದದ್ದು 1903ರಲ್ಲಿ. ‘ಲೊತೊ’ ಎಂಬ ಕ್ರೀಡಾಪತ್ರಿಕೆ ತನ್ನ ಪ್ರಸಾರ ಹೆಚ್ಚಿಸಿಕೊಳ್ಳಲು ಹೂಡಿದ ಉಪಾಯ ಅದು. ಮೊದಲ ವರ್ಷ ಆರು ಹಂತಗಳು, ಸುಮಾರು 2,400 ಕಿಲೋಮೀಟರ್. ಪ್ಯಾರಿಸ್‌ನಿಂದ ಲಿಯೋನ್‌ವರೆಗಿನ ಮೊದಲ ಹಂತವೇ 467 ಕಿಲೋಮೀಟರ್. ಆ ಪತ್ರಿಕೆ ಹಳದಿ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಮುಂಚೂಣಿಯ ಸವಾರನ ಅಂಗಿ ಹಳದಿಯಾದದ್ದಕ್ಕೆ ಅದೇ ಕಾರಣವೆಂದು ಹೇಳುತ್ತಾರೆ. 1909ರಲ್ಲಿ ಆರಂಭವಾದ ಇಟಲಿಯ ಓಟದ ಹಿಂದೆಯೂ ಒಂದು ಪತ್ರಿಕೆಯಿತ್ತು. ಅದರ ಕಾಗದ ಗುಲಾಬಿ, ಅಲ್ಲಿಯ ಮುಂಚೂಣಿ ಸವಾರನ ಅಂಗಿಯೂ ಗುಲಾಬಿ. ಸ್ಪೇನಿನ ಓಟ 1935ರಲ್ಲಿ ಮೊದಲಾಯಿತು. ಇಂದು ಈ ಮೂರೂ ಓಟಗಳು ತಲಾ 21 ಹಂತಗಳ, ಮೂರು ವಾರಗಳ ಮಹಾಯಾತ್ರೆಗಳಾಗಿವೆ. ಮಹಿಳೆಯರಿಗಾಗಿ ಟೂರ್ ದ ಫ್ರಾನ್ಸ್ 2022ರಲ್ಲಿ ಹೊಸ ರೂಪದಲ್ಲಿ ಮರಳಿ ಬಂದಿತು.

ಈ ಆಟಕ್ಕೆ ಕ್ರೀಡಾಂಗಣವಿಲ್ಲ, ಟಿಕೆಟ್ಟಿಲ್ಲ. ಸಾರ್ವಜನಿಕ ರಸ್ತೆಯೇ ಅಂಗಣ, ಹೊಲದ ಬದುವೇ ಪ್ರೇಕ್ಷಕರ ಗ್ಯಾಲರಿ. ಸವಾರರು ಗುಂಪಾಗಿ ಸಾಗುತ್ತಾರೆ. ಮುಂದಿನವನ ಬೆನ್ನಿಗೆ ಹತ್ತಿ ತುಳಿದರೆ ಗಾಳಿಯ ತಡೆ ತಗ್ಗಿ ಮೂರರಲ್ಲಿ ಒಂದು ಪಾಲಿನಷ್ಟು ಶ್ರಮ ಉಳಿಯುತ್ತದೆ. ಆದ್ದರಿಂದ ತಂಡದ ಎಂಟು ಜನರಲ್ಲಿ ಏಳು ಮಂದಿ ನಾಯಕನಿಗಾಗಿ ಗಾಳಿಗೆ ಎದೆಯೊಡ್ಡಿ ದುಡಿಯುತ್ತಾರೆ. ಪರ್ವತದ ಹಂತಗಳಲ್ಲಿ ಒಬ್ಬ ಸವಾರನಿಗೆ ದಿನಕ್ಕೆ 5,000 ಕ್ಯಾಲೊರಿಗೂ ಹೆಚ್ಚಿನ ಆಹಾರ ಬೇಕಾಗುತ್ತದೆ. ಇಲ್ಲಿಯವರೆಗೆ ಭಾರತದ ಯಾವ ಸವಾರನೂ ಟೂರ್ ದ ಫ್ರಾನ್ಸ್‌ನಲ್ಲಿ ಓಡಿಲ್ಲ.

ಜಾತ್ರೆಯಿಂದ ಕ್ರೀಡಾ ನಿಲಯಕ್ಕೆ

ಬಾಗಲಕೋಟೆ ಸೀಮೆಯ ಸೈಕಲ್ ಸಂಸ್ಕೃತಿಗೆ ಯುರೋಪಿನ ಹಂಗಿಲ್ಲ. ಊರ ಜಾತ್ರೆಯಲ್ಲಿ ತೆರೆಬಂಡಿ ಸ್ಪರ್ಧೆ, ಕಲ್ಲು ಎತ್ತುವ ಸ್ಪರ್ಧೆಗಳ ಜೊತೆಗೆ ಸೈಕಲ್ ಶರ್ಯತ್ತು ಸೇರಿಕೊಂಡು ಬಹುಕಾಲವಾಯಿತು. ಒಕ್ಕಲುತನದ ಮನೆಗಳ ಹುಡುಗರು, ಈಚಿನ ದಶಕಗಳಲ್ಲಿ ಹುಡುಗಿಯರು, ಹೊಲಕ್ಕೆ ಬುತ್ತಿ ಒಯ್ಯುವ, ದೂರದ ಶಾಲೆಗೆ ಹೋಗುವ ಸೈಕಲ್ಲಿನ ಮೇಲೆಯೇ ಕಾಲಿನ ಕಸುವನ್ನು ಪಡೆದವರು. ಅವರಲ್ಲಿ ಚುರುಕಾದವರನ್ನು ಆರಿಸಿಕೊಂಡು ತರಬೇತಿ ಕೊಡುವ ಕೆಲಸವನ್ನು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ವಿಜಯಪುರ, ಬಾಗಲಕೋಟೆಗಳ ಕ್ರೀಡಾ ನಿಲಯಗಳೂ ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯೂ ಮಾಡುತ್ತಾ ಬಂದಿವೆ. ರಾಷ್ಟ್ರಮಟ್ಟದ ಮೌಂಟನ್ ಬೈಕ್ ಸ್ಪರ್ಧೆ 2021ರಲ್ಲಿ ಗದಗದಲ್ಲಿಯೂ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ 2024ರ ಜನವರಿಯಲ್ಲಿ ವಿಜಯಪುರದಲ್ಲಿಯೂ ನಡೆದದ್ದು ಈ ಪರಂಪರೆಗೆ ಸಂದ ಮನ್ನಣೆ.

ಇದಕ್ಕೆ ಪೂರಕವಾಗಿ ನಿಂತ ಇನ್ನೊಂದು ಸಂಗತಿಯನ್ನು ಮರೆಯಬಾರದು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಪ್ರೌಢಶಾಲೆ ದೂರವಿದೆಯೆಂಬ ಕಾರಣಕ್ಕೆ ಓದು ಬಿಡಬೇಕಾಗಿದ್ದ ಗುಡ್ಡದ ಊರುಗಳ ಎಷ್ಟೋ ಹೆಣ್ಣುಮಕ್ಕಳಿಗೆ ಆ ಸೈಕಲ್ ಆಸರೆಯಾಯಿತು. ಕೋವಿಡ್ ಬಂದ ನಂತರ ಆ ವಿತರಣೆ ನಿಂತುಹೋಯಿತು. ವಿದೇಶಿ ತಂಡಗಳನ್ನು ಕರೆತರುವ ಕನಸಿಗೆ ದುಡ್ಡು ಸಿಗುವುದಾದರೆ, ಆ ಕನಸಿಗೆ ಬೇರು ಕೊಟ್ಟ ಯೋಜನೆಗೆ ಏಕೆ ಸಿಗಬಾರದು ಎಂದು ಕೇಳುವ ಹಕ್ಕು ತಾಯಿತಂದೆಯರಿಗಿದೆ.

ಕಲ್ಪನೆಯ ಒಂದು ಹಂತ

ಬಾಗಲಕೋಟೆಯ ನವನಗರದಿಂದ ಹೊರಟು ಗುಳೇದಗುಡ್ಡ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದಗಳ ಮೂಲಕ ಇಳಕಲ್ ಮುಟ್ಟುವ ಒಂದು ಹಂತವನ್ನು ಊಹಿಸಿಕೊಳ್ಳೋಣ. ನೂರು ಕಿಲೋಮೀಟರಿಗೆ ತುಸು ಹೆಚ್ಚಿನ ದೂರ. ಪಿರೆನೀಸ್ ಪರ್ವತದ 2,115 ಮೀಟರ್ ಎತ್ತರದ ತೂರ್‌ಮಾಲೆ ಕಣಿವೆಮಾರ್ಗವನ್ನು ಹತ್ತಿದವರಿಗೆ ಬಾದಾಮಿಯ ಮರಳುಗಲ್ಲಿನ ಗುಡ್ಡಗಳು ಕೇವಲ ದಿಬ್ಬಗಳಂತೆ ಕಂಡಾವು. ಆದರೆ ಎರೆಭೂಮಿಯ ಬಯಲಿನಲ್ಲಿ ಅಡ್ಡ ಬೀಸುವ ಗಾಳಿ, ಮರೆಯಿಲ್ಲದ ಬಿಸಿಲು ಎಂಥ ಸವಾರನನ್ನೂ ದಣಿಸಬಲ್ಲವು.

ಈಗ ಇದೇ ದಾರಿಯನ್ನು ಕ್ರೀಡಾ ನಿಲಯದ ಹದಿನಾರರ ಹುಡುಗಿಯೊಬ್ಬಳ ಕಣ್ಣಿನಿಂದ ನೋಡಬೇಕು. ಕಬ್ಬು ನುರಿಸುವ ಕಾಲದಲ್ಲಿ, ಅಂದರೆ ತರಬೇತಿಗೆ ಹವೆ ಹಿತವಾಗಿರುವ ಚಳಿಗಾಲದಲ್ಲಿಯೇ, ಜೋಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಜಿಲ್ಲೆಯ ರಸ್ತೆಗಳನ್ನು ತುಂಬಿಕೊಳ್ಳುತ್ತವೆ. ಅನೇಕ ಟ್ರೇಲರುಗಳಿಗೆ ಹಿಂಬದಿಯ ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ನಸುಕಿನಲ್ಲಿ ಅವು ಕಾಣಿಸುವುದು ತೀರ ಹತ್ತಿರ ಬಂದಾಗಲೇ. ಗುಡ್ಡದ ನಡುವಿನ ರಸ್ತೆಗಳು ಕಿರಿದು. ಎದುರಿನಿಂದ ಬಸ್ಸು ಬಂದರೆ ಸೈಕಲ್ ಡಾಂಬರಿನಿಂದ ಕೆಳಗಿಳಿಯಬೇಕು. ಇಳಿಯಬೇಕಾದ ಅಂಚು ಮಳೆಗೆ ಕೊಚ್ಚಿಹೋಗಿ ಗೇಣುದ್ದ ತಗ್ಗಾಗಿರುತ್ತದೆ. ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿ ಸೊಲ್ಲಾಪುರ, ವಿಜಯಪುರಗಳ ಕಡೆಯಿಂದ ಹೊಸಪೇಟೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50. ಅಲ್ಲಿ ರಸ್ತೆ ಅಗಲವಿದೆ, ಆದರೆ ಅದರ ವೇಗ ಸೈಕಲ್ಲಿಗೆ ಹೇಳಿಸಿದ್ದಲ್ಲ. ಇಳಕಲ್ಲಿನ ಸುತ್ತ ಕೆಂಪು ಗ್ರಾನೈಟಿನ ದಿಮ್ಮಿ ಹೊತ್ತ ಲಾರಿಗಳು, ಜಲ್ಲಿಯ ಟಿಪ್ಪರುಗಳು ಎಬ್ಬಿಸುವ ಧೂಳು ಸವಾರರ ಎದೆಗೆ ಇಳಿಯುತ್ತದೆ. ಅದೇ ಧೂಳು ರಸ್ತೆಬದಿಯ ಬೆಳೆಯ ಎಲೆಗಳ ಮೇಲೆ ಪದರಾಗಿ ಕೂತು ಬೆಳಕನ್ನು ತಡೆಯುತ್ತದೆ, ಎಲೆಯ ಉಸಿರುರಂಧ್ರಗಳನ್ನು ಮುಚ್ಚುತ್ತದೆ. ಸವಾರಳ ನಷ್ಟವೂ ಒಕ್ಕಲಿಗನ ನಷ್ಟವೂ ಇಲ್ಲಿ ಒಂದೇ ಮೂಲದವು.

ಆಕೆಗೆ ಬೇಕಾದದ್ದು ಪೊಲೀಸರು ಮುಚ್ಚಿಸಿಕೊಟ್ಟ ಒಂದು ದಿನದ ರಸ್ತೆಯಲ್ಲ. ವರ್ಷವಿಡೀ ಜೀವಭಯವಿಲ್ಲದೆ ತುಳಿಯಬಹುದಾದ ಮೂರಡಿ ಅಂಚು, ಅದರ ಮೇಲೊಂದಿಷ್ಟು ಬೇವಿನ ನೆರಳು.

ಯುರೋಪು ಕಲಿತ ಪಾಠಗಳು

ಯುರೋಪಿನ ಓಟಗಳ ಬಗೆಗೆ ಇಲ್ಲಿ ಕಾಣಿಸುವುದು ಸೂರ್ಯಕಾಂತಿಯ ಹೊಲಗಳ ನಡುವೆ ಸಾಗುವ ಬಣ್ಣದ ಅಂಗಿಗಳ ಚಿತ್ರ ಮಾತ್ರ. ಆ ಚಿತ್ರದ ಹಿಂದೆ ಒಂದು ಸತ್ಯವಿದೆ: ರಸ್ತೆಯ ಮೇಲಿನ ಓಟಕ್ಕೆ ನೆಲದ, ಹವೆಯ, ಒಕ್ಕಲಿಗರ ಕಷ್ಟಗಳಿಂದ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ.

2018ರ ಜುಲೈ 24ರಂದು ಟೂರ್ ದ ಫ್ರಾನ್ಸ್‌ನ 16ನೆಯ ಹಂತದಲ್ಲಿ ರೈತರು ತಮ್ಮ ಬೇಡಿಕೆಗಳಿಗಾಗಿ ಹುಲ್ಲಿನ ಪೆಂಡಿಗಳನ್ನು ರಸ್ತೆಗೆ ತಂದು ಓಟವನ್ನು ತಡೆದರು. ಅವರನ್ನು ಚದುರಿಸಲು ಪೊಲೀಸರು ಸಿಂಪಡಿಸಿದ ಖಾರದ ದ್ರಾವಣ ಸವಾರರ ಕಣ್ಣಿಗೂ ತಾಗಿ ಓಟ ಕೆಲಹೊತ್ತು ನಿಂತಿತು. 2019ರ ಜುಲೈ 26ರಂದು ಆಲ್ಪ್ಸ್ ಪರ್ವತದಲ್ಲಿ ಆಲಿಕಲ್ಲು ಮಳೆ ಸುರಿದು, ಭೂಕುಸಿತವಾಗಿ, ನಡೆಯುತ್ತಿದ್ದ ಹಂತವನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಅದಾಗಿ ಕೆಲವೇ ದಿನಗಳಿಗೆ, ಅದೇ ವರ್ಷದ ಆಗಸ್ಟಿನಲ್ಲಿ, ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೆ ನುಗ್ಗಿದ್ದನ್ನು ಈ ಭಾಗದ ಜನ ಮರೆತಿಲ್ಲ. 2022ರಲ್ಲಿ ಫ್ರಾನ್ಸನ್ನು ಸುಟ್ಟ ಬಿಸಿಗಾಳಿಯ ದಿನಗಳಲ್ಲಿ ಡಾಂಬರು ಕರಗದಿರಲೆಂದು ರಸ್ತೆಗೆ ನೀರು ಹಾಕುವ ಸಿದ್ಧತೆಯನ್ನು ಸಂಘಟಕರು ಮಾಡಿಕೊಳ್ಳಬೇಕಾಯಿತು.

ಇವೆಲ್ಲಕ್ಕಿಂತ ಅರ್ಥಪೂರ್ಣವಾದದ್ದು 2025ರ ಘಟನೆ. ಆ ವರ್ಷದ 19ನೆಯ ಹಂತ ಆಲ್ಪ್ಸ್‌ನ ಸೇಜಿ ಕಣಿವೆಮಾರ್ಗವನ್ನು ದಾಟಬೇಕಾಗಿತ್ತು. ಅಲ್ಲಿಯ ಜಾನುವಾರುಗಳಲ್ಲಿ ಚರ್ಮಗಂಟು ರೋಗ ಕಾಣಿಸಿಕೊಂಡು, ಒಂದು ಮಂದೆಯನ್ನೇ ಕೊಲ್ಲಬೇಕಾಗಿ ಬಂದಿತ್ತು. ರೋಗ ಹರಡದಿರಲಿ, ದುಃಖದಲ್ಲಿರುವ ದನಗಾಹಿಗಳ ಊರಿನಲ್ಲಿ ಉತ್ಸವ ಬೇಡ ಎಂಬ ಕಾರಣಗಳಿಗಾಗಿ ಸಂಘಟಕರು ಹಂತವನ್ನು ಸುಮಾರು 130 ಕಿಲೋಮೀಟರಿನಿಂದ 95ಕ್ಕೆ ಇಳಿಸಿ, ಆ ಮಾರ್ಗವನ್ನು ಬಿಟ್ಟುಕೊಟ್ಟರು. 2022ರಲ್ಲಿ ಇದೇ ರೋಗ ಉತ್ತರ ಕರ್ನಾಟಕದ ಕೊಟ್ಟಿಗೆಗಳನ್ನು ಬರಿದು ಮಾಡಿದಾಗ ಜಾನುವಾರು ಸಂತೆಗಳೂ ಜಾತ್ರೆಗಳೂ ನಿಂತಿದ್ದವು. ಜಗತ್ತಿನ ಅತಿ ದೊಡ್ಡ ಸೈಕಲ್ ಓಟ ದನದ ಮಂದೆಯೊಂದಕ್ಕಾಗಿ ತನ್ನ ದಾರಿಯನ್ನು ಬದಲಿಸಿತು ಎಂಬುದು ಹಣದ ಲೆಕ್ಕಾಚಾರದಲ್ಲಿಯೇ ಮುಳುಗಿದವರು ಗಮನಿಸಬೇಕಾದ ಸಂಗತಿ.

ಕಸದ ಮಾತೂ ಇದೆ. ಸವಾರರು ಬರುವ ಮುನ್ನ ಜಾಹೀರಾತಿನ ವಾಹನಗಳ ಸಾಲೊಂದು ಹೋಗುವ ಪದ್ಧತಿ 1930ರಿಂದ ಟೂರ್ ದ ಫ್ರಾನ್ಸ್‌ನಲ್ಲಿದೆ. ಅವು ಲಕ್ಷಗಟ್ಟಲೆ ಸಣ್ಣಪುಟ್ಟ ವಸ್ತುಗಳನ್ನು ಜನರತ್ತ ಎಸೆಯುತ್ತಾ ಸಾಗುತ್ತವೆ. ಸವಾರರು ನೀರಿನ ಶೀಶೆ, ತಿಂಡಿಯ ಹೊದಿಕೆಗಳನ್ನು ಹೊಲಗಳಿಗೆ ಎಸೆಯುವುದೂ ರೂಢಿಯಾಗಿತ್ತು. 2021ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ನಿಯಮವನ್ನು ಬಿಗಿಗೊಳಿಸಿ, ಗುರುತಿಸಿದ ಸ್ಥಳಗಳ ಹೊರಗೆ ಕಸ ಎಸೆದವರಿಗೆ ದಂಡ ವಿಧಿಸತೊಡಗಿತು. ನೂರಕ್ಕೂ ಹೆಚ್ಚು ವರ್ಷಗಳ ನಂತರ ಅವರು ಕಲಿತ ಪಾಠವನ್ನು ಇಲ್ಲಿ ಮೊದಲ ದಿನದಿಂದಲೇ ಪಾಲಿಸಬಹುದು.

ಎಲ್ಲಿ ಎಚ್ಚರ ಬೇಕು

ಇಂಥ ಓಟ ಬರುವುದಾದರೆ ಮೊದಲು ಕೇಳಿಬರುವ ಮಾತು ರಸ್ತೆ ಅಗಲೀಕರಣ. ಯುರೋಪಿನ ಪ್ರಸಿದ್ಧ ಘಾಟುಗಳಲ್ಲಿ ಹಲವು ಇಂದಿಗೂ ಎರಡು ವಾಹನಗಳು ಕಷ್ಟಪಟ್ಟು ದಾಟುವಷ್ಟೇ ಅಗಲದವು ಎಂಬುದನ್ನು ಇಲ್ಲಿ ನೆನಪಿಡಬೇಕು. ಸೈಕಲ್ಲಿಗೆ ಬೇಕಾದದ್ದು ನುಣುಪು, ಅಗಲವಲ್ಲ.

ಬಾಗಲಕೋಟೆ ಜಿಲ್ಲೆಯಲ್ಲಿ ಬೀಳುವ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಅದೂ ಕೆಲವೇ ರಭಸದ ಮಳೆಗಳಲ್ಲಿ ಸುರಿದುಹೋಗುತ್ತದೆ. ಗುಡ್ಡದ ಮೇಲೆ ಬಿದ್ದ ನೀರು ಸಣ್ಣ ಸಣ್ಣ ಕೊರಕಲುಗಳ ಮೂಲಕ ಇಳಿದು, ಮಸಾರಿ ಹೊಲಗಳ ಒಡ್ಡುಗಳಲ್ಲಿ ನಿಂತು, ಉಳಿದದ್ದು ಎರೆಹೊಲ ದಾಟಿ ಹಳ್ಳ ಸೇರಬೇಕು. ಹಿಂಗಾರಿಯ ಬಿಳಿಜೋಳ, ಕಡಲೆಗಳು ಬದುಕುವುದು ನೆಲ ಹಿಡಿದಿಟ್ಟ ಈ ತೇವದ ಮೇಲೆ. ರಸ್ತೆಯನ್ನು ಎತ್ತರಿಸಿ, ಹತ್ತು ಮೋರಿ ಇರಬೇಕಾದಲ್ಲಿ ಮೂರನ್ನು ಕಟ್ಟಿದರೆ ಆ ರಸ್ತೆ ಅಡ್ಡಗಟ್ಟೆಯಾಗುತ್ತದೆ. ಮೇಲಿನ ಹೊಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಕೆಳಗಿನ ಹೊಲಗಳಲ್ಲಿ ಕೆಲವು ಒಣಗುತ್ತವೆ, ಮೋರಿಯ ಬಾಯಿಗೆ ಸಿಕ್ಕವು ಮೇಲ್ಮಣ್ಣನ್ನೇ ಕಳೆದುಕೊಳ್ಳುತ್ತವೆ. ಹದವಾದ ಒಂದಂಗುಲ ಮೇಲ್ಮಣ್ಣು ಕೂಡಿಕೊಳ್ಳಲು ಹಲವು ತಲೆಮಾರುಗಳೇ ಬೇಕು. ಕೊಚ್ಚಿಹೋಗಲು ಒಂದು ಮಳೆ ಸಾಕು.

ಇನ್ನು ರಸ್ತೆಗೆ ಹಾಕುವ ಗರಸು, ಜಲ್ಲಿ ಎಲ್ಲಿಂದ ಬರುತ್ತವೆ? ಹತ್ತಿರದ ಗುಡ್ಡವನ್ನೇ ಕೆರೆಯುವುದು ಗುತ್ತಿಗೆದಾರರಿಗೆ ಅಗ್ಗದ ದಾರಿ. ಹಾಗೆ ಕೆರೆದ ಗುಡ್ಡದಿಂದ ಕುರಿ-ಮೇಕೆಗಳ ಮೇವು, ಜೇನಿನ ಹೂವು, ಊರಬಾವಿಯ ಒರತೆಗಳೆಲ್ಲ ಒಟ್ಟಿಗೆ ಹೋಗುತ್ತವೆ. ದಾರಿಬದಿಯ ಹಳೆಯ ಬೇವು, ಹುಣಸೆ, ಆಲದ ಮರಗಳು ಅಗಲೀಕರಣದ ಮೊದಲ ಬಲಿ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಸೀಮೆಯಲ್ಲಿ ಮರವಿಲ್ಲದ ರಸ್ತೆಯೆಂದರೆ ಕಾದ ಹಂಚು.

ಕಾನೂನು ಜನರ ಕೈಯಲ್ಲಿದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು; 50ಕ್ಕಿಂತ ಹೆಚ್ಚು ಮರಗಳಾದರೆ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲಿನಲ್ಲಿ, ಬಾದಾಮಿ ಮತ್ತು ಐಹೊಳೆಗಳಲ್ಲಿ ಓಟದ ನೆಪದಲ್ಲಿ ವೇದಿಕೆ, ಗೋಪುರ, ವಾಹನ ನಿಲುಗಡೆಗಳು ಕಾಯಂ ಆಗಿ ತಳವೂರದಂತೆ ನೋಡಿಕೊಳ್ಳಬೇಕಾಗುತ್ತದೆ.

ಆಗಬೇಕಾದದ್ದೇನು?

ಜಿಲ್ಲೆಗೆ ಸೈಕಲ್ ಓಟ ಬರಲಿ. ಆದರೆ ಅದಕ್ಕೂ ಮುನ್ನ ಸೈಕಲ್ಲಿಗೆ ದಾರಿ ಬರಲಿ. ಲೋಕೋಪಯೋಗಿ ಇಲಾಖೆ ಮುಂದೆ ಕೈಗೊಳ್ಳುವ ಪ್ರತಿಯೊಂದು ದುರಸ್ತಿಯಲ್ಲಿ, ಬಾದಾಮಿ-ಪಟ್ಟದಕಲ್ಲು-ಐಹೊಳೆ ದಾರಿಯಿಂದ ಮೊದಲುಗೊಂಡು, ರಸ್ತೆಯ ಎರಡೂ ಬದಿಗೆ ಮೂರಡಿಯ ಗಟ್ಟಿ ಅಂಚು ಇರಲಿ. ಮರ ಉಳಿಸಿಕೊಂಡೇ ಅದನ್ನು ಮಾಡಲಿ. ಎಲ್ಲೆಲ್ಲಿ ನೀರು ಹರಿಯುತ್ತಿತ್ತೋ ಅಲ್ಲಲ್ಲಿ ಮೋರಿ ಉಳಿಯಲಿ. ರಸ್ತೆಯ ನೀರನ್ನು ಒಕ್ಕಲಿಗರ ಒಪ್ಪಿಗೆಯಿಂದ ಕೃಷಿಹೊಂಡಗಳಿಗೆ ತಿರುಗಿಸಲಿ. ಗುಡ್ಡದ ಗರಸಿಗೆ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಲಿ.

ತರಬೇತಿಯ ದಾರಿಗಳಲ್ಲಿ ಬೆಳಗಿನ ಎರಡು ಮೂರು ತಾಸು ಭಾರಿ ವಾಹನಗಳನ್ನು ತಡೆಯುವುದು ಜಿಲ್ಲಾಡಳಿತಕ್ಕೆ ಕಷ್ಟದ ಕೆಲಸವಲ್ಲ. ಕಬ್ಬಿನ ಟ್ರೇಲರುಗಳಿಗೆ ಹಿಂಬದಿಯ ದೀಪ ಮತ್ತು ಹೊಳೆಯುವ ಪಟ್ಟಿ ಇಲ್ಲದಿದ್ದರೆ ಕಾರ್ಖಾನೆಯ ಬಾಗಿಲಲ್ಲೇ ತಡೆಯಬಹುದು. ಜಲ್ಲಿಯ ಟಿಪ್ಪರುಗಳಿಗೆ ಹೊದಿಕೆ ಬೇಕು. ಮಕ್ಕಳ ಸೈಕಲ್ ಯೋಜನೆಯನ್ನು ಮತ್ತೆ ಆರಂಭಿಸಬೇಕು. ಕ್ರೀಡಾ ನಿಲಯದ ತಟ್ಟೆಗೆ ಜಿಲ್ಲೆಯ ಜೋಳ, ಕಡಲೆ, ಶೇಂಗಾ, ಹಾಲು ನೇರವಾಗಿ ಒಕ್ಕಲಿಗರಿಂದ ಬಂದರೆ ಸವಾರನಿಗೂ ಬಲ, ಬೆಳೆದವನಿಗೂ ಬೆಲೆ.

ಇಷ್ಟು ಆದ ಮೇಲೆ ಓಟ ಬಂದರೆ ಅದು ಬನಶಂಕರಿ ಜಾತ್ರೆಯ ಹೊತ್ತಿನ ಚಳಿಗಾಲದಲ್ಲಿ ಬರಲಿ. ಪ್ಲಾಸ್ಟಿಕ್ಕಿಲ್ಲದೆ, ಗುಡ್ಡ ಕೆರೆಯದೆ, ಮರ ಉರುಳಿಸದೆ ಬರಲಿ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ, ಅಮೀನಗಡದ ಕರದಂಟು ಹೊರಗಿನವರ ಕಣ್ಣಿಗೆ ಬೀಳಲಿ. ಓಟದ ಕೊನೆಯ ವಾಹನ ಹೊರಟುಹೋದ ಮರುದಿನದ ಬೆಳಿಗ್ಗೆ, ಪಾಟಿಚೀಲ ಹೊತ್ತ ಹುಡುಗಿಯೊಬ್ಬಳು ಅದೇ ದಾರಿಯಲ್ಲಿ ಅಂಜಿಕೆಯಿಲ್ಲದೆ ಶಾಲೆಗೆ ಸೈಕಲ್ ತುಳಿದುಕೊಂಡು ಹೋದರೆ ಆ ಓಟ ಸಾರ್ಥಕ. ಹಾಗಾಗದಿದ್ದರೆ ಗೆದ್ದವರು ಯಾರೇ ಆಗಿರಲಿ, ಜಿಲ್ಲೆಯಂತೂ ಸೋತಂತೆಯೇ.